ಗೌಂಡಿ ಅಕ್ಕ

ಗೋಕಾಕದ ನಮ್ಮ ಮನೆಯೆದುರು ಬಹಳ ವರ್ಷ ಖಾಲಿ ಬಿದ್ದಿದ್ದ ಜಾಗದಲ್ಲಿ ಈಗ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಗೋಡೆಗಳಿಗೆ ಸಿಮೆಂಟು ಮೆತ್ತಿ ಗಿಲಾವು ಮಾಡುವ ಕೆಲಸ ಮೊನ್ನೆಯಷ್ಟೇ ಮುಗಿಯಿತು. ದಿನಾ ಬೆಳಿಗ್ಗೆ ಒಬ್ಬ ಕೆಲಸಗಾರ ಬಂದು, ಪೈಪು ಹಿಡಿದು, ಆ ಹಸಿ ಗೋಡೆಗಳಿಗೆ ನೀರು ಹೊಡೆಯುತ್ತಾನೆ. ಸಿಮೆಂಟು ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಸುಣ್ಣದ್ದು, ಅರ್ಧ ತಣ್ಣಗಾದ ಬೂದಿಯದ್ದು... ಇವತ್ತು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದವಳು ಚೊಂಬು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಬೇರೆಯವರಿಗೆ ಅದು ಹೊಸ ಮನೆಯ ವಾಸನೆ. ನನಗೆ ಅದು ಒಬ್ಬ ಹೆಂಗಸಿನ ಮೈವಾಸನೆ. ಸಂಜೆ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆಯುವ ಮೊದಲೇ ನನ್ನ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದ ಗೌಂಡಿ ಅಕ್ಕನದು.

ಮದುವೆಯಾಗಿ ಮೂಡಲಗಿಗೆ ಹೋದಾಗ ನನಗೆ ಅಲ್ಲಿ ಗುರುತಿನ ಮುಖ ಒಂದೂ ಇರಲಿಲ್ಲ. ಗಂಡ ಬೆಳಿಗ್ಗೆ ಬಸ್ಸು ಹತ್ತಿ ಅರಭಾವಿಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ತವರಿನಿಂದ ತಂದಿದ್ದ ಹೊಲಿಗೆ ಮಷಿನ್ ಒಂದೇ ನನ್ನ ಜೊತೆಗಾರ. ಬಾಡಿಗೆ ಮನೆ, ಒಂದು ಪಡಸಾಲೆ, ಒಂದು ಅಡುಗೆಮನೆ. ಬಾಜೂ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆ ಕಡೆ ಪಾತ್ರೆ ಬಿದ್ದರೆ ಈ ಕಡೆ ಕೇಳಿಸುತ್ತಿತ್ತು.

ಆ ಬಾಜೂ ಮನೆಯವಳೇ ಅಕ್ಕ. ಮೇಲವಂಕಿಯ ಹೆಣ್ಣುಮಗಳು. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಒಬ್ಬಳು ಸಣ್ಣ ಮಗಳು. ಅಕ್ಕ ಊರಲ್ಲಿ ಮನೆ ಕಟ್ಟುವ ಕಡೆ ಹೋಗಿ ಇಟ್ಟಂಗಿ, ಉಸುಕು, ಕಲಸಿದ ಸಿಮೆಂಟು ಹೊರುತ್ತಿದ್ದಳು. ಒಂದು ದಿನ ಗಂಡನ ಹಳೆಯ ಉದ್ದ ತೋಳಿನ ಅಂಗಿಯೊಂದನ್ನು ಮಡಚಿ ಬಗಲಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದಳು.

“ತಂಗಿ, ನೀ ಹೊಲೀತೀಯಂತ ಕೇಳೇನಿ. ಇದನ್ನ ನನ್ನ ಅಳತಿಗೆ ಮಾಡಿ ಕೊಡ್ತೀಯೇನ?”

ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡು ಕೆಲಸ ಮಾಡುವ ಹೆಂಗಸರನ್ನು ನಾನು ಹೊಲದಲ್ಲಿ ನೋಡಿದ್ದೆ. ಆದರೆ ಹೀಗೆ ಅಳತೆ ಕೊಟ್ಟು ಹೊಲಿಸಿಕೊಳ್ಳುವವಳನ್ನು ಅವತ್ತೇ ನೋಡಿದ್ದು. ಅವಳಿಗೆ ತನಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿತ್ತು. ತೋಳು ಮೊಣಕೈ ದಾಟಬಾರದು. ಕೆಳಗೆ ಸೊಂಟದ ಹತ್ತಿರ ಸಡಿಲ ಇರಬಾರದು. ಸೆರಗು ಪೂರಾ ಒಳಗೆ ಹೋಗಿ, ಮೇಲೆ ಗುಂಡಿ ಹಾಕಿದ ಮೇಲೆ ಎಷ್ಟು ಬಗ್ಗಿದರೂ ಹೊರಗೆ ಬರಬಾರದು.

“ಸೆರಗ ಹೊರಗ ಬಿದ್ರ ಬುಟ್ಟಿ ಹೊರಾಕ ಆಗೂದಿಲ್ಲ ತಂಗಿ. ಎರಡೂ ಕೈ ಬುಟ್ಟಿಗೇ ಬೇಕಾಗತಾವ.”

ನಾನು ಟೇಪು ಹಿಡಿದು ಅವಳ ಭುಜದ ಅಳತೆ ತೆಗೆದುಕೊಂಡೆ. ಕತ್ತಿನ ಹಿಂದೆ, ಭಾರ ಕೂಡುವ ಜಾಗದಲ್ಲಿ, ಗಟ್ಟಿಯಾದ ಒಂದು ಗಂಟು ಕೈಗೆ ತಾಗಿತು. ನಾನು ಕೈ ಹಿಂದೆಗೆದುಕೊಂಡಿದ್ದು ನೋಡಿ ಅವಳು ನಕ್ಕಳು. “ಅಂಜಬ್ಯಾಡ, ಅದೇನ ಕಚ್ಚೂದಿಲ್ಲ” ಅಂದಳು. ಆ ಮನೆಗೆ ಬಂದ ಮೇಲೆ ನಾನು ಬಾಯಿತುಂಬ ನಕ್ಕಿದ್ದು ಅವತ್ತೇ ಮೊದಲು. ಒಳಗಡೆ ಒಂದು ಪಟ್ಟಿ ಕೊಟ್ಟು, ಹೊಟ್ಟೆಯ ಹತ್ತಿರ ಎರಡು ಜಾಸ್ತಿ ಗುಂಡಿ ಇಟ್ಟು ಅಂಗಿ ಹೊಲಿದುಕೊಟ್ಟೆ. ಅದನ್ನು ಹಾಕಿಕೊಂಡು ನನ್ನ ಪಡಸಾಲೆಯಲ್ಲೇ ಬಗ್ಗಿದಳು, ಕೈ ಎತ್ತಿದಳು, ಕುಕ್ಕರಗಾಲಲ್ಲಿ ಕೂತು ಎದ್ದಳು. ಸೆರಗು ಅಲುಗಲಿಲ್ಲ.

“ಭೇಷ್! ಇನ್ನ ನಾ ಗೌಂಡಿ ಆಗೂದ ಖರೆ.”

ಆ ಮಾತನ್ನು ನಾನು ತಮಾಷೆ ಅಂದುಕೊಂಡೆ. ತಮಾಷೆಯಾಗಿರಲಿಲ್ಲ.

ಕಟ್ಟುವ ಕೆಲಸದಲ್ಲಿ ಹೆಂಗಸರು ಎಷ್ಟು ವರ್ಷ ದುಡಿದರೂ ಹೊರುವವರೇ. ಥಾಪಿ, ಅಂದರೆ ಕರಣೆ, ಹಿಡಿದು ಗೋಡೆ ಕಟ್ಟುವವನು, ಗಿಲಾವು ಮಾಡುವವನು ಗೌಂಡಿ. ಅವನು ಗಂಡಸೇ ಆಗಿರಬೇಕು. ಯಾರೂ ಹಾಗಂತ ನಿಯಮ ಮಾಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅಕ್ಕ ಕೇಳಿದ್ದಳು. ಅವಳ ತಂಡದಲ್ಲಿ ಒಬ್ಬ ಹಿರಿಯ ಗೌಂಡಿ ಇದ್ದ. ಎಲ್ಲರೂ ಅವನನ್ನು ಅಜ್ಜ ಅಂತಲೇ ಕರೆಯುತ್ತಿದ್ದರು. ಮಾತು ಕಡಿಮೆ. ಬೀಡಿಯ ಹೊಗೆಯ ಹಿಂದೆ ಕಣ್ಣು ಕಿರಿದು ಮಾಡಿಕೊಂಡು ಗೋಡೆಯನ್ನೇ ನೋಡುತ್ತಾ ಕೂರುವ ಮನುಷ್ಯ. ಊಟದ ಬಿಡುವಿನಲ್ಲಿ ಉಳಿದವರು ನೆರಳಿಗೆ ಮಲಗಿದಾಗ ಅಕ್ಕ ಅವನ ಥಾಪಿ ತೆಗೆದುಕೊಂಡು ಬಚ್ಚಲಿನ ಮೂಲೆಗಳಿಗೆ, ಯಾರೂ ನೋಡದ ಗೋಡೆಗಳಿಗೆ ಸಿಮೆಂಟು ಎರಚಿ ಕಲಿಯುತ್ತಿದ್ದಳಂತೆ. ಅಜ್ಜ ಬೈಯಲಿಲ್ಲ. ಕೆಲವು ದಿನ ಸುಮ್ಮನೆ ನೋಡಿ, ಆಮೇಲೆ ಅವಳ ಮಣಿಕಟ್ಟು ಹಿಡಿದು ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟ.

ಓಣಿಯ ಜನ ಅವಳಿಗೆ ಗೌಂಡಿ ಅಕ್ಕ ಎಂದು ಹೆಸರಿಟ್ಟಿದ್ದು ಗೇಲಿಗೆ. ಅವಳು ಆ ಗೇಲಿಯನ್ನು ಇಸಿದುಕೊಂಡು ತಲೆಯ ಮೇಲೆ ಇಟ್ಟುಕೊಂಡಳು. ಕರೆದವರಿಗೆಲ್ಲ “ಓ” ಅನ್ನುತ್ತಿದ್ದಳು.

ನಮ್ಮ ಅಡುಗೆಮನೆಯ ಗೋಡೆ ಕೆಳಗಿನಿಂದ ಉದುರುತ್ತಿತ್ತು. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ದಿನಾ ಮಣ್ಣು. ಮನೆ ಮಾಲಕ ಇವತ್ತು ನಾಳೆ ಅನ್ನುತ್ತಿದ್ದ. ಒಂದು ರಜೆಯ ದಿನ ಅಕ್ಕ ಬುಟ್ಟಿಯಲ್ಲಿ ಉಸುಕು ಸಿಮೆಂಟು ತಂದು, ನನ್ನ ಪಾತ್ರೆಗಳನ್ನೆಲ್ಲ ಹೊರಗಿಡಿಸಿ, ಆ ಗೋಡೆಯನ್ನು ಕೆರೆದು ಹೊಸದಾಗಿ ಗಿಲಾವು ಮಾಡಿದಳು. ಯಾರ ಕೈಯೂ ಸೇರದೆ ಅವಳೊಬ್ಬಳೇ ಮಾಡಿದ ಮೊದಲ ಗೋಡೆ ಅದು. ನಾನು ನೀರು ಕೊಡುವವಳು. ಮಧ್ಯಾಹ್ನದ ಹೊತ್ತಿಗೆ ಅವಳ ಹಣೆ, ಮೂಗು, ರೆಪ್ಪೆ ಎಲ್ಲಾ ಸಿಮೆಂಟು. ಮುಗಿಸಿ, ಹಿಂದೆ ಸರಿದು ನಿಂತು, ಅಜ್ಜನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ಆ ಮೂಲ್ಯಾಗ ಉಬ್ಬೇತಿ.”

“ಎಲ್ಲಿ ಯಕ್ಕಾ? ನನಗೇನ ಕಾಣವಲ್ದ.”

“ಕಾಣತೈತಿ. ನೀ ದಿನಾ ನೋಡ್ತಿ, ಒಂದ ದಿನ ಕಾಣತೈತಿ. ಅವತ್ತ ನನ್ನ ಬೈಬ್ಯಾಡ.”

ಆ ದಿನ ನಾವಿಬ್ಬರೂ ಅಂಗಳದಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಅವಳ ಕೈಯಿಂದ ಸಿಮೆಂಟು ಪೂರಾ ಹೋಗಿರಲಿಲ್ಲ. ರೊಟ್ಟಿಯನ್ನು ಬೆರಳ ತುದಿಯಿಂದ ಹಿಡಿದು ತಿನ್ನುತ್ತಿದ್ದಳು... ಯಾಕೋ ಆ ಬೆರಳುಗಳು ಇವತ್ತಿಗೂ ಕಣ್ಣಿಗೆ ಕಟ್ಟಿವೆ.

ಮುಂದೆ ಅಜ್ಜನೇ ಗುತ್ತೇದಾರನ ಹತ್ತಿರ ಮಾತಾಡಿ ಅವಳಿಗೆ ಗಿಲಾವಿನ ಕೆಲಸ ಕೊಡಿಸಿದ. ಊರಿನ ವ್ಯಾಪಾರಿಯೊಬ್ಬರ ಎರಡು ಅಂತಸ್ತಿನ ಮನೆ. ಹೊರಗೋಡೆಗೆ ಬಂಬು ಕಟ್ಟಿ, ಅಡ್ಡ ಹಲಗೆ ಹಾಕಿ ಸಾರುವೆ ನಿಲ್ಲಿಸಿದ್ದರು. ಅಕ್ಕ ಅಜ್ಜನ ಬಾಜೂ ನಿಂತು ಮೇಲಿನ ಗೋಡೆಗೆ ಥಾಪಿ ಹಾಕತೊಡಗಿದಳು. ಅವಳನ್ನು ನೋಡಿ ಇನ್ನೂ ಕೆಲವು ಹೆಂಗಸರು ಥಾಪಿಗೆ ಕೈ ಹಾಕಿದರು; ಅಜ್ಜ ಅವರಿಗೂ ಕಲಿಸಲು ಒಪ್ಪಿಕೊಂಡಿದ್ದ.

ಆ ದಿನಗಳ ಅಕ್ಕ ಬೇರೆಯೇ ಅಕ್ಕ. ಸಂಜೆ ಬಂದು ಚೌಕಟ್ಟಿಗೆ ಒರಗಿದಳೆಂದರೆ ಮೇಲಿನಿಂದ ಕಂಡದ್ದೆಲ್ಲ ಹೇಳುವಳು. ಮಸಗುಪ್ಪಿ ಕಡೆಯ ರಸ್ತೆಯಲ್ಲಿ ಬಸ್ಸು ತಿರುಗುವುದು ಎಷ್ಟೋ ಹೊತ್ತು ಮೊದಲೇ ಕಾಣುತ್ತದಂತೆ. ಕಾಲುವೆ ಬಿಸಿಲಲ್ಲಿ ತಗಡಿನ ಹಾಗೆ ಹೊಳೆಯುತ್ತದಂತೆ. ನಮ್ಮ ಓಣಿ, ನಮ್ಮ ಮನೆಯ ಹೆಂಚು, ಹೆಂಚಿನ ಮೇಲೆ ಯಾರೋ ಎಸೆದ ಹಳೇ ಚಪ್ಪಲಿ.

“ಮ್ಯಾಲ ನಿಂತ ನೋಡಿದ್ರ ಊರು ಭಾಳ ಸಣ್ಣದ ಐತಿ ತಂಗಿ. ಇಷ್ಟ ಸಣ್ಣ ಊರಿಗೆ ಯಾಕ ಇಷ್ಟ ಅಂಜತೇವೋ ಅನಸ್ತೈತಿ.”

ನಾನು ತಲೆ ತಗ್ಗಿಸಿ ಮಷಿನ್ ತುಳಿಯುತ್ತಿದ್ದೆ. ಅತ್ತೆಯ ಮನೆಯವರು ಏನಂದಾರು, ಓಣಿಯವರು ಏನಂದಾರು ಎಂದು ಎಣಿಸುತ್ತಲೇ ದಿನ ಕಳೆಯುತ್ತಿದ್ದವಳು ನಾನು. ಅವಳು ನನಗೇ ಹೇಳಿದಳೋ, ತನಗೇ ಹೇಳಿಕೊಂಡಳೋ... ಗೊತ್ತಿಲ್ಲ. ಆದರೆ ಅದನ್ನು ಕೇಳಿದ ಮೇಲೆ ನನ್ನ ಹೆದರಿಕೆ ಒಂದು ಚೂರು ಕಡಿಮೆಯಾಗಿದ್ದಂತೂ ನಿಜ.

ಅವಳು ಬಿದ್ದದ್ದು ಮಧ್ಯಾಹ್ನ. ನಾನು ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದೆ. ಓಣಿಯ ಆ ತುದಿಯಿಂದ ಕೂಗು ಕೇಳಿಸಿತು: “ಗೌಂಡಿ ಅಕ್ಕ ಮ್ಯಾಲಿಂದ ಬಿದ್ಲಂತ!” ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಮೂಡಲಗಿಯ ಪೇಟೆಯ ನಡುವೆ ನಾನು ಓಡಿದ್ದು ಅದೊಂದೇ ಸಲ.

ಅವಳು ಉಸುಕಿನ ಗುಂಪಿಯ ಅಂಚಿಗೆ ಬಿದ್ದಿದ್ದಳು. ಅರ್ಧ ಮೈ ಉಸುಕಿನ ಮೇಲೆ, ಅರ್ಧ ಇಟ್ಟಂಗಿಯ ಚೂರುಗಳ ಮೇಲೆ. ಬಲಗಾಲು ತೊಡೆಯಿಂದ ಕೆಳಗೆ ಬೇರೆ ಯಾರದೋ ಕಾಲಿನ ಹಾಗೆ ಹೊರಳಿತ್ತು. ಸುತ್ತ ನಿಂತವರೆಲ್ಲ ನೀರು ತನ್ನಿ, ಗಾಳಿ ಬಿಡಿ ಅನ್ನುತ್ತಿದ್ದರು, ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಬಾಜೂ ಮುರಿದ ಹಲಗೆ ಬಿದ್ದಿತ್ತು. ನಾನು ಅವಳ ತಲೆಯ ಹತ್ತಿರ ಕೂತೆ. ಕಣ್ಣು ತೆರೆದಿದ್ದವು.

“ತಂಗಿ, ಹಲಗಿ ಮುರೀತ” ಅಂದಳು. ಸ್ಪಷ್ಟವಾಗಿ ಅಂದಳು.

ಬಾಗಿಲೊಂದರ ಮೇಲೆ ಮಲಗಿಸಿ, ಸಾಮಾನು ಸಾಗಿಸುವ ಗಾಡಿಯಲ್ಲಿ ಗೋಕಾಕಕ್ಕೆ ಕರೆದುಕೊಂಡು ಹೋದೆವು. ರಸ್ತೆಯ ಪ್ರತಿ ಉಬ್ಬಿಗೂ ಅವಳ ಕೈ ನನ್ನ ಮಣಿಕಟ್ಟನ್ನು ಹಿಂಡುತ್ತಿತ್ತು. ಅರಭಾವಿ ದಾಟುವವರೆಗೆ ನರಳುತ್ತಿದ್ದಳು. ಆಮೇಲೆ ನರಳುವುದನ್ನೂ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಅಂಗಿಯನ್ನು ಬೆನ್ನಿನ ಕಡೆಯಿಂದ ಕತ್ತರಿಸಿ ತೆಗೆದಳು. ನನ್ನ ಕೈಗೆ ಕೊಟ್ಟಾಗ ಮುಂದಿನ ಗುಂಡಿಗಳೆಲ್ಲ ಹಾಕಿದ ಹಾಗೇ ಇದ್ದವು.

ತೊಡೆಯ ಎಲುಬು ಮುರಿದಿತ್ತು, ಸೊಂಟದ ಎಲುಬು ಬಿರಿದಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಹೊಲದಿಂದ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ ಗಂಡ ಮಣ್ಣು ಮೆತ್ತಿದ ಕಾಲಲ್ಲೇ ಬಂದವನು, ಆಸ್ಪತ್ರೆಯ ಗೋಡೆಗೆ ಹಣೆ ಇಟ್ಟು ಅತ್ತ. ಅಳುತ್ತಲೇ ಅಂದ: “ಮ್ಯಾಲ ಹತ್ತಬ್ಯಾಡ ಅಂತ ಎಷ್ಟ ಸಲ ಹೇಳಿದ್ನಿರಿ ನಾ. ನನ್ನ ಮಾತ ಕೇಳಲಿಲ್ಲ ಆಕಿ.”

ನಾನು ಒಂದೆರಡು ದಿನ ಬಿಟ್ಟು ಬಟ್ಟೆ ತರಲು ಊರಿಗೆ ಬಂದರೆ, ಮೂಡಲಗಿಯಲ್ಲಿ ಬೇರೆಯೇ ಸುದ್ದಿ ಓಡಾಡುತ್ತಿತ್ತು. ಗೌಂಡಿ ಅಕ್ಕನ ಸೆರಗು ಬಂಬಿಗೆ ಸಿಕ್ಕಿತಂತೆ. ಬಿಡಿಸಿಕೊಳ್ಳಲು ಹೋಗಿ ಕಾಲು ಜಾರಿತಂತೆ. ಹಲಗೆ ಅವಳು ಬಿದ್ದ ಹೊಡೆತಕ್ಕೆ ಮುರಿಯಿತಂತೆ. ಗುತ್ತೇದಾರನೇ ಹಾಗೆ ಹೇಳಿದ್ದ. ಹೆಂಗಸರು ಸಾರುವೆ ಹತ್ತುವ ಕೆಲಸವೇ ಅಲ್ಲ ಇದು, ಇನ್ನು ಮುಂದೆ ನನ್ನ ಕೆಲಸದಲ್ಲಿ ಯಾವ ಹೆಣ್ಣೂ ಮೇಲೆ ಹತ್ತಬಾರದು ಎಂದು ಎಲ್ಲರನ್ನೂ ಕೆಳಗಿಳಿಸಿದ್ದ. ಥಾಪಿ ಹಿಡಿದಿದ್ದವರು ಮತ್ತೆ ತಲೆಗೆ ಸಿಂಬಿ ಇಟ್ಟುಕೊಂಡರು.

ಕಿರಾಣಿ ಅಂಗಡಿಯಲ್ಲಿ ನನ್ನೆದುರೇ ಒಬ್ಬಾಕೆ “ಪಾಪ, ಸೀರಿ ಉಟ್ಟವರಿಗೆ ಅದೆಲ್ಲ ಆಗತೈತೇನ್ರಿ” ಅಂದಳು. ನನ್ನ ಮೈ ಉರಿಯಿತು. ಆ ಅಂಗಿ ಹೊಲಿದವಳು ನಾನು. ಆ ಸೆರಗು ಎಲ್ಲಿತ್ತೆಂದು ನನಗೆ ಗೊತ್ತು.

ಅಕ್ಕನಿಗೆ ಹೇಳಬಾರದೆಂದುಕೊಂಡಿದ್ದೆ. ಯಾರೋ ನೋಡಲು ಬಂದವರು ಹೇಳಿಬಿಟ್ಟರು. ಅವಳು ಛಾವಣಿ ನೋಡುತ್ತಾ ಮಲಗಿದ್ದಳು. ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟಿದ್ದರು. ನನ್ನ ಕಡೆ ತಿರುಗಿ ಕೇಳಿದಳು.

“ಸೆರಗ ಅಂಗಿ ಒಳಗ ಇತ್ತಲ್ಲ ತಂಗಿ?”

“ಇತ್ತ ಯಕ್ಕಾ. ಗುಂಡಿ ಸೈತ ಬಿಚ್ಚಿರಲಿಲ್ಲ.”

“ಹಂಗಾರ ಅವರ್ಯಾಕ ಹಂಗಂತಾರ?”

ಕಾಲು ಮುರಿದ ನೋವಿಗೆ ಅಳದವಳು ಆಗ ಅತ್ತಳು. ತನ್ನಿಂದಾಗಿ ಉಳಿದ ಹೆಂಗಸರೆಲ್ಲ ಕೆಳಗಿಳಿದರಲ್ಲ ಎಂಬುದು ಅವಳನ್ನು ತಿನ್ನುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಜ್ಜ ಒಂದು ದಿನವೂ ನೋಡಲು ಬರಲಿಲ್ಲ. ಜೊತೆಯ ಹೆಂಗಸರು ಬಂದರು, ಎಳನೀರು ತಂದರು, ಅತ್ತರು. ಹಲಗೆಯ ಮಾತೆತ್ತಿದರೆ ಮಾತ್ರ ಬಾಗಿಲ ಕಡೆ ನೋಡಿದರು. ಅವರಿಗೆ ನಾಳೆಯ ಕೆಲಸ ಬೇಕಿತ್ತು. ಅಕ್ಕ ಅವರ ಮೇಲೆ ಸಿಟ್ಟಾಗಲಿಲ್ಲ. “ಅಜ್ಜ ನನ್ನ ಬಾಜೂ ನಿಂತಿದ್ದ. ಅವಾ ನೋಡ್ಯಾನ. ಅವಾ ಬಂದ ಹೇಳ್ತಾನ” ಅನ್ನುತ್ತಿದ್ದಳು. ವಾರ್ಡಿನ ಬಾಗಿಲಲ್ಲಿ ಹೆಜ್ಜೆ ಸದ್ದಾದರೆ ಕತ್ತೆತ್ತಿ ನೋಡುವಳು. ಮನೆಗೆ ಬಂದ ಮೇಲೂ ಓಣಿಯ ಕಡೆ ಕಿವಿ. ಆಮೇಲಾಮೇಲೆ ಅವನ ಹೆಸರೆತ್ತುವುದನ್ನು ಬಿಟ್ಟಳು.

ಎದ್ದು ನಿಲ್ಲುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ಮಧ್ಯಾಹ್ನ ನನ್ನ ಕೆಲಸ ಮುಗಿದ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕೋಲಿನ ಮೇಲೆ. ಅವಳ ಮಂಚದಿಂದ ಹೊಸಿಲ ತನಕ, ಹೊಸಿಲಿನಿಂದ ಅಂಗಳದ ತನಕ. ನೋವಾದಾಗ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು, ನನ್ನನ್ನಲ್ಲ, ಕಾಲನ್ನು. “ನಡಿ ಮುಂಡೇದ, ಎಷ್ಟ ದಿಮಾಕ ನಿಂದು!” ನಾವಿಬ್ಬರೂ ನಗುತ್ತಾ ಬೀಳುವ ಹಾಗಾಗುತ್ತಿತ್ತು. ಆ ಮಧ್ಯಾಹ್ನಗಳು ಕಷ್ಟದವು. ಆದರೂ ಈಗ ನನಗೆ ಯಾವ ಕಾಲ ಮರಳಿ ಬೇಕು ಅಂತ ಯಾರಾದರೂ ಕೇಳಿದರೆ, ಅವನ್ನೇ ಕೇಳುತ್ತೇನೇನೋ...

ಇಷ್ಟರಲ್ಲಿ ಆ ವ್ಯಾಪಾರಿಯ ಮನೆ ಮುಗಿದು ವಾಸ್ತುಶಾಂತಿ ಇಟ್ಟುಕೊಂಡರು. ಮನೆಯೊಡತಿ ತಾನೇ ಕುಂಕುಮದ ಬಟ್ಟಲು ಹಿಡಿದು ಅಕ್ಕನ ಮನೆಗೆ ಬಂದರು. ಒಳ್ಳೆಯ ಹೆಂಗಸು. “ನಮ್ಮ ಮನಿ ಕಟ್ಟೂವಾಗ ನಿನಗ ಹಿಂಗಾತು. ನೀ ಬಂದ ಊಟ ಮಾಡಿ, ಉಡಿ ತುಂಬಿಸ್ಕೊಂಡ ಹೋದ್ರನ ನನಗ ಸಮಾಧಾನ” ಅಂದರು. ಗಂಡ ಬೇಡವೆಂದ. ಅಕ್ಕ ಹೋಗುತ್ತೇನೆಂದಳು. ಆಟೋದಲ್ಲಿ ಕೂರಿಸಿಕೊಂಡು ನಾನೇ ಕರೆದುಕೊಂಡು ಹೋದೆ.

ಮನೆಯ ಮುಂದೆ ಆಟೋ ನಿಂತಾಗ ಅವಳು ಕೂಡಲೇ ಇಳಿಯಲಿಲ್ಲ. ಕತ್ತೆತ್ತಿ ಮೇಲಿನ ಗೋಡೆ ನೋಡಿದಳು. ತಿಳಿಹಸಿರು ಬಣ್ಣ ಹೊಡೆದಿದ್ದರು. ಅವಳು ಮಾಡಿದ್ದು ಎಲ್ಲಿಗೆ ಮುಗಿದು, ಬೇರೆಯವರದು ಎಲ್ಲಿಂದ ಶುರುವಾಯಿತೋ ಬಣ್ಣದ ಕೆಳಗೆ ಗೊತ್ತಾಗುತ್ತಿರಲಿಲ್ಲ.

ಊಟದ ಮೊದಲು ಕೆಲಸ ಮಾಡಿದವರಿಗೆ ಮರ್ಯಾದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಗುತ್ತೇದಾರನಿಗೆ ಶಾಲು ಹೊದಿಸಿದರು. ಅಜ್ಜನಿಗೆ ಹೊಸ ಧೋತರ ಕೊಟ್ಟು ಕೇಸರಿ ರುಮಾಲು ಸುತ್ತಿದರು. ಅವನು ಅಕ್ಕನ ಕಡೆ ನೋಡಲಿಲ್ಲ. ಆಮೇಲೆ ಅಕ್ಕನನ್ನು ಕರೆದರು. ಅವಳು ಕೋಲೂರಿಕೊಂಡು ಜನರ ನಡುವೆ ನಡೆದು ಬಂದಳು; ನೆಲಕ್ಕೆ ಕೂರಲು ಆಗದ್ದರಿಂದ ನಿಂತೇ ಉಡಿ ಒಡ್ಡಿದಳು. ಮನೆಯೊಡತಿ ಸೀರೆ, ಕುಪ್ಪಸದ ಬಟ್ಟೆ, ಕೊಬ್ಬರಿ ಉಡಿಗೆ ಹಾಕಿ, ಅವಳ ಗಲ್ಲ ಮುಟ್ಟಿ ಅಂದರು: “ಇನ್ನ ಮ್ಯಾಲ ಸೆರಗ ಸಂಭಾಳಿಸ್ಕೊಂಡ ಇರವಾ ನನ್ನ ತಾಯಿ.”

ಅಂತಃಕರಣದಿಂದಲೇ ಅಂದ ಮಾತು. ಅಕ್ಕ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಎಲ್ಲರಿಗೂ ಕೇಳುವ ಹಾಗೆ, ಕೂಗದೆ ಹೇಳಿದಳು.

“ಯವ್ವಾರ, ನಾ ಬಿದ್ದಿಲ್ಲರಿ. ಹಲಗಿ ಬಿತ್ತು. ನಾ ಅದರ ಮ್ಯಾಲ ಇದ್ದೆ.”

ಗುತ್ತೇದಾರ ನಕ್ಕು, “ಆಗಿದ್ದ ಆಗಿಹೋತ. ಶುಭಕಾರ್ಯದಾಗ ಯಾಕ ಆ ಮಾತ?” ಅಂದ. ನನಗೆ ಎಲ್ಲಿಂದ ದನಿ ಬಂತೋ ತಿಳಿಯದು. ಓಣಿಯವರೆದುರು ತಲೆಯೆತ್ತದ ನಾನು ಎದ್ದು ನಿಂತು ಅಂದೆ: “ಆಕೀ ಅಂಗಿ ಹೊಲದಾಕಿ ನಾನರಿ. ಸೆರಗ ಹೊರಗ ಬರಾಕ ದಾರೀನ ಇರಲಿಲ್ಲರಿ ಅದರಾಗ. ದವಾಖಾನ್ಯಾಗ ಕತ್ತರಿಸಿ ತಗದ್ರು, ಗುಂಡಿ ಹಾಕಿದ್ದ ಹಾಕಿಧಂಗ ಇದ್ವು.”

“ನೀವು ಅಲ್ಲಿದ್ರೇನ್ರಿ ಬೀಳೂವಾಗ?” ಗುತ್ತೇದಾರ ಕೇಳಿದ.

ನಾನಿರಲಿಲ್ಲ. ಅಕ್ಕ ಯಾರನ್ನೂ ನೋಡದೆ ನೆಲ ನೋಡುತ್ತಿದ್ದಳು.

ಆಗ ಅಜ್ಜ ಎದ್ದ. ತಲೆಯ ರುಮಾಲನ್ನು ಎರಡೂ ಕೈಯಿಂದ ತೆಗೆದು, ಬಿಚ್ಚದೆ, ಹಾಗೇ ಮನೆಯೊಡತಿಯ ಮುಂದಿದ್ದ ತಾಟಿನಲ್ಲಿಟ್ಟ.

“ನಾ ಇದ್ದೆ” ಅಂದ. “ಹಲಗಿ ಮೊದಲ ಬಿರಕ ಬಿಟ್ಟಿತ್ತರಿ. ಮುಂಜಾನೆನ ನೋಡಿದ್ದೆ ನಾ. ಬ್ಯಾರೆ ಹಾಕ್ರಿ ಅಂದೆ. ಗುತ್ತೇದಾರ್ರು ಇದೊಂದ ದಿನ ನಡಸ್ರಿ ಅಂದ್ರು. ನಡಸಿದೆ.” ಯಾರೋ ನೀರು ಕೊಡಹೋದರೆ ಬೇಡವೆಂದ. “ಗಟ್ಟಿ ಇದ್ದ ಕಡೆ ನಾ ನಿಂತೆ. ಆಕೀನ ಆ ಕಡೆ ನಿಲ್ಲಿಸಿದೆ. ಆಕಿ ಹಗರ ಅದಾಳ, ತಡೀತೈತಿ ಅನ್ಕೊಂಡೆ.”

ಇಷ್ಟು ಹೇಳಿ ಅಜ್ಜ ಅಕ್ಕನ ಕಡೆ ತಿರುಗಿದ. ಅವಳ ಮುಖ ನೋಡಿ ನನಗೆ ಗೊತ್ತಾಯಿತು: ಈ ಕೊನೆಯ ಮಾತು ಅವಳಿಗೂ ಗೊತ್ತಿರಲಿಲ್ಲ. ಹಲಗೆ ಮುರಿಯಿತೆಂದು ಹೇಳಲು ಒಬ್ಬ ಬೇಕು ಎಂದಷ್ಟೇ ಕಾದಿದ್ದಳು ಅವಳು. ಅಜ್ಜ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಹೀಗಿರುತ್ತದೆಂದು ಎಣಿಸಿರಲಿಲ್ಲ. ಉಡಿಯಲ್ಲಿದ್ದುದನ್ನೆಲ್ಲ ನನ್ನ ಕೈಗೆ ಸುರಿದು, ಕೋಲು ತೆಗೆದುಕೊಂಡು ಹೊರಗೆ ನಡೆದಳು.

ಊರಿನ ಬಾಯಿ ಮಾತ್ರ ಅವತ್ತೇ ತಿರುಗಿತು. ಸೆರಗಿನ ಕಥೆ ಹೇಳಿದವರೇ ಹಲಗೆಯ ಕಥೆ ಹೇಳತೊಡಗಿದರು. ಅವಳ ಕಾಲಿಗೆ ಇನ್ನೊಂದು ಆಪರೇಷನ್ ಆಗಬೇಕಿತ್ತು. ಅದನ್ನು ಆ ವ್ಯಾಪಾರಿಯ ಮನೆಯವರು ಮುಂದೆ ನಿಂತು ಮಾಡಿಸಿದರು, ಖರ್ಚಿಗೆ ಗುತ್ತೇದಾರನನ್ನೂ ಜೊತೆಗೆ ನಿಲ್ಲಿಸಿಕೊಂಡರು. ಅಜ್ಜ ಅವನ ಕೆಲಸ ಬಿಟ್ಟು ತನ್ನದೇ ಸಣ್ಣ ತಂಡ ಕಟ್ಟಿಕೊಂಡ. ಥಾಪಿ ಕಲಿಯುತ್ತಿದ್ದ ಹೆಂಗಸರು ಅವನ ಜೊತೆ ಹೋದರು. ಬೆಳಿಗ್ಗೆ ಯಾರೂ ಹತ್ತುವ ಮೊದಲು ಅಜ್ಜ ತಾನೇ ಹತ್ತಿ ಪ್ರತಿ ಹಲಗೆಯ ಮೇಲೂ ಕುಣಿದು ನೋಡುತ್ತಾನೆ ಎಂದು ಅವರು ಅಕ್ಕನಿಗೆ ಬಂದು ಹೇಳಿದರು. ಆ ವಯಸ್ಸಾದ ಮನುಷ್ಯ ಬಂಬಿನ ಮೇಲೆ ಕುಣಿಯುವುದನ್ನು ನೆನೆದು ಅವರೆಲ್ಲ ನಕ್ಕರು. ಅಕ್ಕ ನಗಲಿಲ್ಲ.

ಅಜ್ಜ ವಾರಕ್ಕೊಮ್ಮೆ ಸಂತೆಯ ದಿನ ಬಂದು ಅವಳ ಕಟ್ಟೆಯ ಮೇಲೆ ಕೂರುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಅಕ್ಕ ಮಗಳ ಕೈಯಲ್ಲಿ ಚಹಾ ಕಳಿಸುವಳು, ತಾನು ಹೊರಗೆ ಬರುತ್ತಿರಲಿಲ್ಲ. ಎಷ್ಟೋ ತಿಂಗಳು ಹೀಗೇ ನಡೆಯಿತು. ಕೊನೆಗೊಂದು ದಿನ ತಾನೇ ಲೋಟ ಹಿಡಿದು, ಕೋಲೂರಿಕೊಂಡು ಹೊಸಿಲಿಗೆ ಬಂದಳು. ನಾನು ನನ್ನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

“ನನಗ ಹೇಳಿದ್ರ ನಾನೂ ನಿಮ್ಮ ಕಡೆನ ಒತ್ತಿ ನಿಂದರ್ತಿದ್ನಿ ಅಜ್ಜಾರ” ಅಂದಳು.

ಅಜ್ಜ ಲೋಟ ತೆಗೆದುಕೊಂಡ. ಕುಡಿಯಲು ಬಹಳ ಹೊತ್ತು ಆಗಲಿಲ್ಲ ಅವನಿಗೆ.

ಅಕ್ಕ ಮತ್ತೆ ಸಾರುವೆ ಹತ್ತಲಿಲ್ಲ. ಕೋಲು ಬಿಡಲಿಲ್ಲ. ಮನೆಯಲ್ಲಿ ಕೂತು ನನ್ನ ಕುಪ್ಪಸಗಳಿಗೆ ಹುಕ್ಕು ಹಚ್ಚಿಕೊಡುವಳು, ಶೇಂಗಾ ಸುಲಿಯುವಳು. ಕೈ ಕೆಲಸದ ಮೇಲಿದ್ದರೂ ಕಣ್ಣು ಎಲ್ಲೋ ಇರುತ್ತಿತ್ತು. “ಏನ ವಿಚಾರ ಮಾಡಾಕತ್ತಿ ಯಕ್ಕಾ?” ಅಂದರೆ, “ಏನಿಲ್ಲ, ಈಗ ಮ್ಯಾಲ ಗಾಳಿ ಚಲೋ ಇರತೈತಿ” ಅನ್ನುತ್ತಿದ್ದಳು. ಮಗಳು ದೊಡ್ಡವಳಾಗಿ ಹುಕ್ಕೇರಿಗೆ ಮದುವೆಯಾದ ಮೇಲೆ ಅವಳೂ ಗಂಡನೂ ಅಲ್ಲಿಗೇ ಹೋದರು. ಅಳಿಯ ಒಳ್ಳೆಯವನು, ತಾನೇ ಬಂದು ಸಾಮಾನು ಗಾಡಿಗೆ ಹಾಕಿದ. ಹೊರಡುವ ಮುನ್ನ ಅಕ್ಕ ನನ್ನ ಅಡುಗೆಮನೆಗೆ ಬಂದು ತಾನು ಮಾಡಿದ ಗೋಡೆಯ ಮೇಲೆ ಅಂಗೈ ಆಡಿಸಿದಳು. “ಈಗಾಗಿದ್ರ ಇದನ್ನ ಸರಿ ಮಾಡ್ತಿದ್ನಿ” ಅಂದಳು. ಆ ಉಬ್ಬು ನನಗೆ ಅಷ್ಟು ವರ್ಷದಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಕೆಲವು ಕಾಲದ ನಂತರ ನಾವೂ ಗೋಕಾಕಕ್ಕೆ ಬಂದೆವು. ಹಬ್ಬಕ್ಕೊಮ್ಮೆ ಫೋನು. ಅವಳಿಗೆ ಫೋನಿನಲ್ಲಿ ಮಾತಾಡಲು ಬರುತ್ತಿರಲಿಲ್ಲ, “ಊಟಾತ? ಮತ್ತ? ಫೋನ ಇಡ್ಲೇನ?” ಇಷ್ಟೇ. ಹೋದ ಬೇಸಿಗೆಯಲ್ಲಿ ಅವಳ ಮಗಳು ಫೋನು ಮಾಡಿದಳು. ಜ್ವರ ಬಂದಿತ್ತಂತೆ, ನಾಲ್ಕಾರು ದಿನ ಮಲಗಿದ್ದಳಂತೆ... ಹೆಚ್ಚು ತ್ರಾಸು ಪಡದೆ ತೀರಿಹೋದಳಂತೆ.

ನಾನು ಹುಕ್ಕೇರಿಗೆ ಹೋದೆ. ಅವಳ ಗಂಡ ಕಟ್ಟೆಯ ಮೇಲೆ ಕೂತಿದ್ದ. ಗುರುತು ಹಿಡಿದು ಎದ್ದು ನಿಂತ. ಓಣಿಯ ಹೆಂಗಸರು ಮಾತಾಡಿಸಲು ಬಂದರು. ಅವರು ಅವಳನ್ನು ಕೋಲಿನ ಅಜ್ಜಿ ಅನ್ನುತ್ತಿದ್ದರು. ಪಾಪ, ಒಳ್ಳೆಯ ಮುದುಕಿ, ಯಾರ ಗೊಡವೆಗೂ ಹೋಗುತ್ತಿರಲಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳಂತಲ್ಲ ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು.

“ಬಚ್ಚಲದಾಗ ಅಲ್ಲರಿ” ಅಂದೆ. “ಆಕಿ ಗೌಂಡಿ ಇದ್ಲು.”

ಅವರು ಮುಖ ಮುಖ ನೋಡಿಕೊಂಡರು. ಮೇಲೆ ಹತ್ತಬೇಡ ಎಂದಿದ್ದ ಅದೇ ಗಂಡ, ಕಿವಿ ಮಂದವಾಗಿದ್ದರೂ ಈ ಮಾತು ಹೇಗೋ ಕೇಳಿಸಿಕೊಂಡು, ದೊಡ್ಡ ದನಿಯಲ್ಲಿ ಅಂದ: “ಖರೆ ಐತಿ ಆಕಿ ಹೇಳೂದು. ಮೂಡಲಗ್ಯಾಗ ದೊಡ್ಡ ಮನಿ ಐತಿ. ಎರಡನೇ ಮಜಲಿನ ಗಿಲಾವ್ ನನ್ನ ಹೇಣ್ತೀದು. ಇನ್ನೂ ಒಂದ ಬಿರಕ ಬಿಟ್ಟಿಲ್ಲ, ಹೋಗಿ ನೋಡ್ರಿ ಬೇಕಾರ.” ಹೇಳಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಅಲ್ಲಿಂದ ಬಂದು ಬಹಳ ದಿನವಾಯಿತು. ನನಗೂ ಈಗ ವಯಸ್ಸಾಗಿದೆ. ಬೆಳಿಗ್ಗೆ ಹಾಲಿನವನಿಗೆ ನಾನು ಕಾಕು, ಬಾಜೂ ಮನೆಯ ಸೊಸೆಗೆ ಅತ್ತೆ, ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವ ಹುಡುಗಿಯರಿಗೆ ಅಜ್ಜಿ. ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಾರೆ. ತಂಗಿ ಅನ್ನುವವರು ಮಾತ್ರ ಇನ್ನು ಯಾರೂ ಉಳಿದಿಲ್ಲ.